ದೇವಗಂಗೆಯಲ್ಲಿ ಇಲ್ಲದ ಕಲ್ಲು

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಸತ್ತವರು ಬಂದು ಹೋದರು, ಕನಸಿನಲ್ಲಿ ಕಂಡದ್ದು ನಡೆಯಿತು ಎಂದು ಮಾತು ತೆಗೆದರೆ ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂರುತ್ತಿದ್ದೆ. ಯಾರನ್ನೂ ಹಂಗಿಸುವ ಉದ್ದೇಶ ಇರಲಿಲ್ಲ. ಹೇಳುವವರ ಮಾತಿನಲ್ಲಿ ದಿನ, ಹೊತ್ತು, ಜಾಗ ಯಾವುದೂ ಖಚಿತವಾಗಿ ಇರುತ್ತಿರಲಿಲ್ಲ. ಎರಡು ಪ್ರಶ್ನೆ ಕೇಳಿದರೆ ಕಥೆಯೇ ಬೇರೆಯಾಗುತ್ತಿತ್ತು. ನಾನು ಓದಿದ್ದು ಗಣಿತ, ಕಲಿಸುವುದೂ ಅದನ್ನೇ. ಈಗ ನನ್ನದೇ ಅನುಭವವೊಂದನ್ನು ಬರೆಯುತ್ತಿದ್ದೇನೆ. ದಿನ, ಹೊತ್ತು, ಜಾಗ ಎಲ್ಲವೂ ಸರಿಯಾಗಿ ನೆನಪಿವೆ. ಆದರೂ ಸ್ಟಾಫ್ ರೂಮಿನ ಆ ಕಥೆಗಾರರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಲು ನನಗೆ ಆಗಿಲ್ಲ.

ಮೊದಲು ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಸಾಗರದಲ್ಲಿ ಮನೆ ಇರುವವರಿಗೆ ಇದು ಹೊಸದಲ್ಲ. ಜೋಗ ನೋಡಬೇಕು ಎನ್ನುವವರಿಗೆಲ್ಲ ಸಾಗರದಲ್ಲಿ ಒಬ್ಬರಲ್ಲ ಒಬ್ಬರು ನೆಂಟರು ಹೇಗೋ ನೆನಪಾಗುತ್ತಾರೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನ ಸ್ಟೇಷನರಿ ಅಂಗಡಿ. ಬಸ್ಸು ಇಳಿದವರು ಅಂಗಡಿಗೇ ಬರುತ್ತಿದ್ದರು, ಅಂಗಡಿಯಿಂದ ಮನೆಗೆ. ಅಪ್ಪನ ಹತ್ತಿರ ಒಂದು ಹಳೆಯ ಓಮ್ನಿ ಇತ್ತು. ನೆಂಟರನ್ನು ಅದರಲ್ಲಿ ಸುತ್ತಿಸುವುದರಲ್ಲಿ ಅವನಿಗೆ ಅಂಗಡಿಗಿಂತ ಹೆಚ್ಚು ಉತ್ಸಾಹ. ಮೊದಲ ದಿನ ಜೋಗ. ಎರಡನೆಯ ದಿನ ಇಕ್ಕೇರಿ, ಕೆಳದಿ, ವರದಾಮೂಲ. ಮೂರನೆಯ ದಿನವೂ ಉಳಿಯುವಷ್ಟು ಹತ್ತಿರದವರಾದರೆ ಹೊಸನಗರ ದಾಟಿ ನಗರ ಎಂಬ ಊರಿನ ಕೋಟೆ, ಅಲ್ಲೇ ಹತ್ತಿರದ ದೇವಗಂಗೆಯ ಕೊಳಗಳು, ಹೊತ್ತಿದ್ದರೆ ಹುಲಿಕಲ್ ಘಾಟಿಯ ತನಕ. “ಜೋಗ ಯಾರು ಬೇಕಾದ್ರೂ ತೋರಿಸ್ತಾರೆ, ಅದು ಕಣ್ಣಿಗೆ ತಾನೇ ಬೀಳುತ್ತೆ. ದೇವಗಂಗೆ ತೋರಿಸ್ಬೇಕು ಅಂದ್ರೆ ನಮ್ಮಂಥೋರೇ ಆಗ್ಬೇಕು” ಎನ್ನುವುದು ಅವನ ಮಾತು.

ಓಮ್ನಿಯಲ್ಲಿ ಯಾವಾಗಲೂ ಒಂದು ಸೀಟು ಕಡಿಮೆ. ನೆಂಟರು ಮೂವರಿದ್ದರೂ ಕಡಿಮೆ, ಏಳು ಜನ ಇದ್ದರೂ ಕಡಿಮೆ. ಏಕೆಂದರೆ ಅಮ್ಮನ ಲೆಕ್ಕ ಅದರಲ್ಲಿ ಸೇರುತ್ತಲೇ ಇರಲಿಲ್ಲ. ಸುತ್ತಾಡಿ ಹಸಿದು ಬಂದವರಿಗೆ ಮನೆಯಲ್ಲಿ ಬಿಸಿ ಅನ್ನ, ಸಾರು ಸಿದ್ಧವಾಗಿರಬೇಕು; ನೆಂಟರನ್ನು ಹೋಟೆಲಿನಲ್ಲಿ ಉಣ್ಣಿಸಿ ಕರೆತರುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರು ಉಳಿಯಬೇಕು. ಯಾರೂ ಅಮ್ಮನನ್ನು ಬರಬೇಡ ಎಂದಿಲ್ಲ. ಅವಳೇ ಗೇಟಿನ ಹತ್ತಿರ ನಿಂತು, “ನೀವು ಹೋಗ್ಬನ್ನಿ. ನಾನು ಇಲ್ಲೇ ಇರೋಳಲ್ವಾ, ಯಾವಾಗ ಬೇಕಾದ್ರೂ ನೋಡ್ಬಹುದು” ಎನ್ನುತ್ತಿದ್ದಳು. ನಾವು ಅದನ್ನು ನಿಜವೆಂದೇ ನಂಬಿದ್ದೆವು. ಊರಿನವರು ಊರಿನ ಜಾಗಗಳನ್ನು ಯಾವಾಗ ಬೇಕಾದರೂ ನೋಡಬಹುದು ಎಂಬ ನಂಬಿಕೆ ಎಷ್ಟು ತಪ್ಪು ಎಂದು ಪ್ರವಾಸಿಗಳಿಗೆ ಗೊತ್ತಿರುವುದಿಲ್ಲ. ಮದುವೆಯಾದ ತಿಂಗಳು ಜೋಗ ನೋಡಿದ್ದು ಬಿಟ್ಟರೆ ನನ್ನ ಬಾಲ್ಯದುದ್ದಕ್ಕೂ ಅಮ್ಮ ಏನನ್ನೂ ನೋಡಿರಲಿಲ್ಲ. ಒಮ್ಮೆ ಅತ್ತೆ, “ಅತ್ತಿಗೆ, ನಿಮ್ಗೆ ಜೋಗದ ನೀರಿಗಿಂತ ಸಾರಿನ ನೀರೇ ಜಾಸ್ತಿ ಕಂಡಿದ್ದು” ಎಂದು ತಮಾಷೆ ಮಾಡಿದ್ದಳು. ಅಮ್ಮ ಎಲ್ಲರಿಗಿಂತ ಮೊದಲು ನಕ್ಕಿದ್ದಳು.

ಅವಳು ನೋಡುತ್ತಿದ್ದದ್ದು ನನ್ನ ಮೂಲಕ. ನೆಂಟರ ಊಟ ಮುಗಿದು ಪಾತ್ರೆ ತಿಕ್ಕುವ ಹೊತ್ತಿಗೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳುತ್ತಿದ್ದಳು. ಸುಮ್ಮನೆ “ಚೆನ್ನಾಗಿತ್ತು” ಎಂದರೆ ಒಪ್ಪುತ್ತಿರಲಿಲ್ಲ. ಎಷ್ಟು ಕಂಬ, ಎಷ್ಟು ಮೆಟ್ಟಿಲು, ನೀರು ತಣ್ಣಗಿತ್ತೋ ಬೆಚ್ಚಗಿತ್ತೋ, ನೆರಳು ಯಾವ ಕಡೆಗಿತ್ತು. ಹಾಗಾಗಿ ನಾನು ಎಲ್ಲ ಕಡೆ ಎಣಿಸಿಕೊಂಡು ಬರುತ್ತಿದ್ದೆ. ಗಣಿತದ ಕಡೆಗೆ ನನ್ನನ್ನು ಎಳೆದದ್ದು ಯಾವ ಮೇಷ್ಟರೂ ಅಲ್ಲ, ಆ ಪಾತ್ರೆಗಳ ಸದ್ದಿನ ಮಧ್ಯೆ ಕೊಟ್ಟ ಲೆಕ್ಕಗಳು ಎಂದು ಈಗ ಅನ್ನಿಸುತ್ತದೆ.

ಏಳನೆಯ ತರಗತಿಯಲ್ಲಿದ್ದಾಗ ನಾನು ಅಮ್ಮನಿಗೆ ಒಂದು ಸುಳ್ಳು ಹೇಳಿದೆ. ಆ ಸಲ ನೆಂಟರ ಜೊತೆ ನಗರಕ್ಕೆ ಹೋಗಿದ್ದೆವು. ದಾರಿಯ ತಿರುವುಗಳಿಗೆ ನನಗೆ ವಾಂತಿಯಾಗಿ, ಕೋಟೆ ನೋಡುವಷ್ಟರಲ್ಲಿ ಸುಸ್ತಾಗಿ, ದೇವಗಂಗೆ ತಲುಪಿದಾಗ ನಿದ್ದೆ ಹೋಗಿದ್ದೆ. ಅಪ್ಪ ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಓಮ್ನಿ ಹೊಸನಗರದ ಪೇಟೆಯಲ್ಲಿತ್ತು. ರಾತ್ರಿ ಅಮ್ಮ ಮಾಮೂಲಿನಂತೆ ಕೇಳಿದಳು. ಅವಳಿಗೆ ದೇವಗಂಗೆಯ ಮೇಲೆ ವಿಶೇಷ ಆಸೆ ಇತ್ತು. ಹಿಂದಿನ ಅರಸರ ಕಾಲದ ಏಳು ಕೊಳಗಳು, ಒಂದರಿಂದ ಒಂದಕ್ಕೆ ಹರಿಯುವ ನೀರು, ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಅಪ್ಪನಿಂದ ಕೇಳಿದ್ದಳು. ನೋಡಲಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವಳಿಗಾಗಿ ನೋಡಲೆಂದೇ ಹೋದವಳಲ್ಲವೇ ನಾನು? ಅಪ್ಪನ ಮಾತುಗಳನ್ನೇ ತಿರುಗಿಸಿ ಹೇಳಿದೆ. ಅದು ಅವಳಿಗೆ ಗೊತ್ತಿದ್ದದ್ದೇ. “ಹೊಸದೇನೂ ಇಲ್ವಾ?” ಎಂದಳು. ಆಗ ಕಟ್ಟಿದೆ: ಕಡೆಯ ಕೊಳದ ಮೂಲೆಯಲ್ಲಿ ಒಂದು ಕಲ್ಲಿದೆ, ಅದರಲ್ಲಿ ಪಾದದ ಆಕಾರದ ಗುಳಿ ಇದೆ, ಉಳಿದ ನೀರೆಲ್ಲ ತಣ್ಣಗಿದ್ದರೂ ಆ ಗುಳಿಯ ನೀರು ಮಾತ್ರ ಬೆಚ್ಚಗಿರುತ್ತದೆ, ನಾನು ಕಾಲಿಟ್ಟೆ, ನನ್ನ ಪಾದಕ್ಕೆ ಸ್ವಲ್ಪ ದೊಡ್ಡದಾಯಿತು.

ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. “ನನ್ನ ಕಾಲು ಹಿಡಿಸುತ್ತಾ?” ಎಂದು ಕೇಳಿದಳು. “ಸರಿಯಾಗಿ ಹಿಡಿಸುತ್ತೆ” ಎಂದೆ. ಅವಳು ಬೂದಿ ಮೆತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ತನ್ನ ಪಾದವನ್ನು ಸ್ವಲ್ಪ ಮುಂದೆ ಚಾಚಿ ನೋಡಿಕೊಂಡಳು. ಆಮೇಲೆ, “ಯಾರಿಗೂ ಹೇಳ್ಬೇಡ ಮಾರಾಯ್ತಿ. ಎಲ್ರೂ ಹೋಗಿ ಕಾಲಿಟ್ಟು ಸವೆಸಿಬಿಡ್ತಾರೆ” ಎಂದಳು. ನಾನು ಹೇಳಲಿಲ್ಲ. ಅವಳೂ ಹೇಳಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಅದು ನಮ್ಮಿಬ್ಬರ ನಡುವೆಯೇ ಇತ್ತು. ನೆಂಟರು ನಗರಕ್ಕೆ ಹೊರಟಾಗ ಅವಳು ನನ್ನನ್ನು ನೋಡಿ ಕಣ್ಣಲ್ಲೇ ನಗುತ್ತಿದ್ದಳು.

ನಂತರ ನಾನು ಎರಡು ಮೂರು ಸಲ ದೇವಗಂಗೆಗೆ ಹೋಗಿ ಬಂದೆ. ಸುಳ್ಳು ಹೇಗಾದರೂ ನಿಜವಾಗಿರಬಹುದೇ ಎಂದು ಏಳೂ ಕೊಳಗಳ ಮೂಲೆಗಳನ್ನು ಹುಡುಕಿದೆ. ನಕ್ಷತ್ರದಂಥ ಕೊಳ ಇದೆ, ತಾವರೆಯಂಥದ್ದು ಇದೆ, ದೊಡ್ಡ ಕೊಳದ ನಡುವೆ ಕಟ್ಟೆ, ಅದಕ್ಕೆ ಕಲ್ಲಿನ ಸೇತುವೆ ಇದೆ. ಪಾದದ ಕಲ್ಲು ಇಲ್ಲ.

ಎಂ.ಎಸ್ಸಿ. ಮುಗಿದು ಸಾಗರದಲ್ಲೇ ಕೆಲಸ ಸಿಕ್ಕ ಮೇಲೆ ನಾನು ಒಂದು ಕಾರು ಕೊಂಡೆ. ಅಮ್ಮನನ್ನು ಇಕ್ಕೇರಿಗೆ ಕರೆದುಕೊಂಡು ಹೋದೆ, ಕೆಳದಿಗೆ, ವರದಾಮೂಲಕ್ಕೆ ಕರೆದುಕೊಂಡು ಹೋದೆ. “ನಗರಕ್ಕೆ ಯಾವಾಗ?” ಎಂದು ಅವಳು ಕೇಳುತ್ತಲೇ ಇದ್ದಳು. ಮಳೆ ನಿಲ್ಲಲಿ ಎಂದೆ. ರಸ್ತೆ ಕೆಟ್ಟಿದೆ ಎಂದೆ. ಮೌಲ್ಯಮಾಪನ ಮುಗಿಯಲಿ ಎಂದೆ. ಕಾರಣ ಒಂದೇ, ಅದನ್ನು ಹೇಳಲು ಬಾಯಿ ಬರಲಿಲ್ಲ. ಅಲ್ಲಿ ಹೋದರೆ ಅವಳು ನೇರ ಕಡೆಯ ಕೊಳದ ಮೂಲೆಗೆ ನಡೆಯುತ್ತಾಳೆ. ಅಷ್ಟರಲ್ಲಿ ಅವಳಿಗೆ ಕಾಯಿಲೆ ಬಂತು. ಕಾಯಿಲೆಯ ವಿವರ ಇಲ್ಲಿ ಬೇಡ. ಕೊನೆಯ ಎರಡು ವರ್ಷ ಆಸ್ಪತ್ರೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ. ಒಂದು ಸಂಜೆ ಹಾಸಿಗೆಯಲ್ಲಿ ಒರಗಿಕೊಂಡು, “ಇನ್ನು ನಗರಕ್ಕೆ ಹೋಗೋಕಾಗಲ್ಲ ಬಿಡು” ಎಂದಳು. ಹುಷಾರಾದ ಮೇಲೆ ಹೋಗೋಣ ಎಂದು ನಾನು ಹೇಳಿದೆ. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಸಣ್ಣದೊಂದು ಸಮಾಧಾನವೂ ಆಗಿತ್ತು. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆಯುವುದಕ್ಕೆ ಅರ್ಥವಿಲ್ಲ. ಜೂನ್ ತಿಂಗಳಿನಲ್ಲಿ ಅಮ್ಮ ತೀರಿಕೊಂಡಳು.

ಅದಾಗಿ ಒಂದೂವರೆ ವರ್ಷ ಕಳೆದು, ಜನವರಿಯಲ್ಲಿ ಗದಗಿನಿಂದ ನನ್ನ ಹಾಸ್ಟೆಲಿನ ಗೆಳತಿ ಸುಜಾತಾ ತನ್ನ ತಾಯಿಯ ಜೊತೆ ಬಂದಳು. ಅವಳ ತಾಯಿಯನ್ನು ಅವಳಂತೆಯೇ ನಾನೂ ಅವ್ವ ಎನ್ನುತ್ತೇನೆ. ಜೋಗ ಆಯಿತು, ಇಕ್ಕೇರಿ, ಕೆಳದಿ ಆಯಿತು. ಮೂರನೆಯ ದಿನಕ್ಕೆ ತೀರ್ಥಹಳ್ಳಿ ಕಡೆ ಕವಲೇದುರ್ಗಕ್ಕೆ ಹೋಗೋಣ ಎಂದು ನಾನೇ ಸೂಚಿಸಿದೆ. ಅಪ್ಪ ಒಪ್ಪಲಿಲ್ಲ. “ಇಷ್ಟು ವಯಸ್ಸಾದೋರನ್ನ ಗುಡ್ಡ ಹತ್ತಿಸ್ತೀಯಾ? ದೇವಗಂಗೆಗೆ ಕರ್ಕೊಂಡು ಹೋಗು. ಅದನ್ನ ತೋರಿಸ್ದೆ ಯಾರನ್ನೂ ಕಳಿಸಿದ್ದಿಲ್ಲ ನಮ್ಮನೇಲಿ” ಎಂದ. ಅಮ್ಮ ಹೋದ ಮೇಲೆ ನಾನು ಆ ರಸ್ತೆಗೆ ಹೋಗಿರಲಿಲ್ಲ. ಬೇಡ ಎನ್ನುವುದಕ್ಕೆ ಹೇಳಬಹುದಾದ ಕಾರಣ ಇರಲಿಲ್ಲ. ಹೊರಟೆವು.

ಕೋಟೆ ನೋಡಿ ದೇವಗಂಗೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಒಳ್ಳೆಯ ಬಿಸಿಲು. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಸುಜಾತಾ ಫೋಟೊ ತೆಗೆಯಲು ಕಲ್ಲಿನ ಸೇತುವೆಯ ಕಡೆ ಹೋದಳು. ಅವ್ವ ದೊಡ್ಡ ಕೊಳದ ಮೆಟ್ಟಿಲಲ್ಲಿ ಕೂತು, ಚಪ್ಪಲಿ ಬಿಚ್ಚಿಟ್ಟು, ಎರಡೂ ಕಾಲುಗಳನ್ನು ನೀರಿಗೆ ಇಳಿಬಿಟ್ಟರು. ನಾನು ಪಕ್ಕದಲ್ಲಿ ಕೂತೆ. ಅಷ್ಟು ಹೊತ್ತಿಗೆ ಕೊಳಗಳ ಸುತ್ತ ಎಲೆ ಗುಡಿಸುತ್ತಿದ್ದ ಹೆಂಗಸೊಬ್ಬರು ಪೊರಕೆ ಹಿಡಿದು ನಮ್ಮ ಹತ್ತಿರ ಬಂದರು. ಐವತ್ತೈದು ಅರವತ್ತರ ವಯಸ್ಸು. ಅವರ ಹೆಸರು ಲಲಿತಮ್ಮ ಎಂದು ಆಮೇಲೆ ಗೊತ್ತಾಯಿತು.

“ಅಮ್ಮಾ, ಕಾಲು ಮೇಲೆ ತಗೊಳ್ಳಿ. ನೋಡೋಕೆ ಬಂದ ನೀರಲ್ಲಿ ಯಾರಾದ್ರೂ ಕಾಲು ತೊಳೀತಾರಾ?”

“ತೊಳ್ಯಾಕತ್ತಿಲ್ಲ ಬೇ, ಇಟ್ಟೀನಿ ಅಷ್ಟ” ಎಂದರು ಅವ್ವ. “ನಮ್ಮ ಕಡಿ ಜನಕ್ಕ ಇಂಥಾ ನೀರು ಕಂಡ್ರ ಕಾಲು ತಾನ ಇಳೀತೈತಿ. ಬೈಯೂದಿದ್ರ ಕಾಲಿಗೆ ಬೈ.”

ಲಲಿತಮ್ಮನಿಗೆ ನಗು ಬಂತು. “ಯಾವೂರಾಯ್ತು?”

“ನಮ್ದು ಗದಗ. ಈಕಿ ಸಾಗರದಾಕಿ.”

“ಸಾಗರವಾ?” ಅವರು ನನ್ನ ಕಡೆ ತಿರುಗಿದರು. “ಸಾಗರದೋರೊಬ್ರು ಬರ್ತಾರೆ ಇಲ್ಲಿಗೆ. ಅವ್ರೂ ಕಾಲಿಡೋಕೇ ಬರೋದು. ಆದ್ರೆ ನೀರಿಗಲ್ಲ, ಕಲ್ಲಿಗೆ.”

ಎಂಥ ಕಲ್ಲು ಎಂದು ನಾನು ಕೇಳಿದೆ. ನನ್ನ ದನಿ ಮಾಮೂಲಿನಂತೆಯೇ ಇತ್ತು. ಅದು ನನಗೆ ನೆನಪಿದೆ.

“ಎಂಥದೋ ಪಾದದ ಕಲ್ಲಂತೆ. ಕಡೇ ಕೊಳದ ಮೂಲೇಲಿ ಇದೆಯಂತೆ. ಅದ್ರಲ್ಲಿ ಗುಳಿ, ಗುಳೀಲಿ ಬೆಚ್ಚಗೆ ನೀರು. ದಿನಾ ಗುಡಿಸೋಳು ನಾನು, ನಂಗೆ ಕಾಣದ್ದು ನಿಮ್ಗೆ ಹೆಂಗೆ ಕಾಣ್ತು ಅಂತ ಕೇಳಿದೆ. ನಾನು ನೋಡಿದ್ದಲ್ಲ, ಮಗಳು ನೋಡಿದ್ದು ಅಂದ್ರು.” ಅವರು ಪೊರಕೆಯನ್ನು ಬಗಲಿಗೆ ಸಿಕ್ಕಿಸಿಕೊಂಡರು. “ಮಕ್ಳು ಎಂತಾದ್ರೂ ಹೇಳ್ತಾವೆ ಬಿಡಿ ಅಂದೆ. ಅದಕ್ಕೆ, ನನ್ನ ಮಗಳು ಹಂಗಲ್ಲ, ಅವಳು ಎಲ್ಲಾ ಎಣಿಸ್ಕೊಂಡು ಬಂದು ಹೇಳೋಳು ಅಂದ್ರು. ಸಿಟ್ಟು ಮಾಡ್ಕೊಂಡಲ್ಲ, ನಗ್ತಾನೇ. ಏಳೂ ಕೊಳದ ಮೂಲೆ ಮೂಲೆಗೆ ಹೋಗಿ ಕಾಲಿಟ್ಟು ನೋಡ್ತಾರೆ ಪಾಪ.”

“ಹೆತ್ತಾಕಿ ಅಲ್ಲೇನ, ನಂಬ್ತಾಳ” ಎಂದರು ಅವ್ವ, ಕಾಲನ್ನು ಇನ್ನೂ ನೀರಿನಲ್ಲೇ ಇಟ್ಟುಕೊಂಡು.

ನಾನು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ. ಅವರು ಒಬ್ಬರೇ ಬರುತ್ತಾರಾ? ಒಬ್ಬರೇ. ಎಷ್ಟು ಸಲ? “ನಾನು ಕಂಡಂಗೆ ಮೂರು ಸಲ. ಈ ಸಲದ ಮಳೆ ನಿಂತ ಮೇಲೂ ಬಂದಿದ್ರು.” ನೋಡಲು ಹೇಗಿದ್ದಾರೆ? ಅದಕ್ಕೆ ಬಂದ ಉತ್ತರದಿಂದ ಏನನ್ನೂ ತೀರ್ಮಾನಿಸಲು ಆಗದು. ಸಾಧಾರಣ ಎತ್ತರ, ಮಾತು ಕಡಿಮೆ, ಸೀರೆ ಯಾವುದೆಂದು ನೆನಪಿಲ್ಲ. ನಮ್ಮ ತಾಲ್ಲೂಕಿನ ಅರ್ಧದಷ್ಟು ಹೆಂಗಸರು ಹಾಗೇ ಇದ್ದಾರೆ. ಎಲ್ಲಿ ಕೂರುತ್ತಾರೆ ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ.

“ಕೂರೋದೇ ಇಲ್ವಲ್ಲ! ಅಷ್ಟು ದೂರದಿಂದ ಬಂದಿದೀರಿ, ಒಂದ್ಗಳಿಗೆ ಕೂತ್ಕೊಳ್ಳಿ ಅಮ್ಮ ಅಂತೀನಿ. ಇಲ್ಲ, ಅನ್ನಕ್ಕಿಡ್ಬೇಕು, ನೋಡೋಕೆ ಹೋದೋರು ಬರೋ ಹೊತ್ತಾಯ್ತು ಅಂತಾರೆ. ಇಲ್ಲಿಂದ ಸಾಗರಕ್ಕೆ ಹೋಗಿ ಅನ್ನಕ್ಕಿಡೋದು ಯಾವಾಗ, ಇವ್ರು ಉಣ್ಣೋದು ಯಾವಾಗ ಅಂತ ನಾನು ಅನ್ಕೊಳ್ತೀನಿ.”

ನೀರು ಹರಿಯುವ ಸದ್ದು ಕೇಳುತ್ತಿತ್ತು. ದೂರದಲ್ಲಿ ಸುಜಾತಾ ಸೇತುವೆಯ ಮೇಲೆ ನಿಂತು ನಮ್ಮ ಕಡೆ ಕೈಬೀಸಿ ನಗಲು ಸನ್ನೆ ಮಾಡುತ್ತಿದ್ದಳು. ನಾನು ಇನ್ನೊಂದು ಪ್ರಶ್ನೆ ಕೇಳಿದೆ: ನೀವು ಇಲ್ಲಿ ಕೆಲಸಕ್ಕೆ ಬಂದು ಎಷ್ಟು ವರ್ಷವಾಯಿತು?

“ಮೊನ್ನೆ ದೀಪಾವಳಿಗೆ ಒಂದ್ ವರ್ಷ ಆಯ್ತು. ಅದಕ್ಕಿಂತ ಮುಂಚೆ ತೀರ್ಥಹಳ್ಳೀಲಿ ಮಗಳ ಮನೇಲಿದ್ದೆ. ಮೊಮ್ಮಗು ನೋಡ್ಕೊಳ್ತಿದ್ದೆ. ಈ ಕಡೆ ಕಾಲಿಟ್ಟೂ ಇರ್ಲಿಲ್ಲ.”

ಅವರು ಕೆಲಸಕ್ಕೆ ಸೇರುವುದಕ್ಕೆ ಐದು ತಿಂಗಳ ಮೊದಲೇ ಅಮ್ಮ ಹೋಗಿಬಿಟ್ಟಿದ್ದಳು.

ಓದುವವರು ಈಗ ಕೇಳುವ ಪ್ರಶ್ನೆ ನನಗೆ ಗೊತ್ತು. ಮೊಬೈಲಿನಲ್ಲಿ ಅಮ್ಮನ ಫೋಟೊ ಇರಲಿಲ್ಲವೇ? ಇತ್ತು. ಹತ್ತಾರು ಇದ್ದವು. ಕೈ ಬ್ಯಾಗಿನ ತನಕ ಹೋಯಿತು. ತೋರಿಸಿದರೆ ಒಂದೇ ಕ್ಷಣದಲ್ಲಿ ಗೊತ್ತಾಗಿಬಿಡುತ್ತಿತ್ತು. ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಕೊನೆಯ ಸಾಲು ಬರೆಯದೆ ಉತ್ತರಪತ್ರಿಕೆ ಕೊಟ್ಟರೆ ನಾನು ಅಂಕ ಕೊಡುವುದಿಲ್ಲ. ಅಂಥ ನಾನು ಫೋಟೊ ತೋರಿಸಲಿಲ್ಲ. ‘ಇವರಲ್ಲ’ ಎಂದು ಅವರು ಹೇಳಿಬಿಟ್ಟರೆ ಅಮ್ಮ ದೇವಗಂಗೆಯನ್ನು ನೋಡಲೇ ಇಲ್ಲ ಎಂಬುದು ಮತ್ತೊಮ್ಮೆ ಖಚಿತವಾಗುತ್ತಿತ್ತು. ಅದನ್ನು ಎರಡನೆಯ ಸಲ ಕೇಳುವ ಶಕ್ತಿ ನನಗಿರಲಿಲ್ಲ.

ಅವ್ವ ಕಾಲು ಒರೆಸಿಕೊಂಡು ಸುಜಾತಾ ಇದ್ದ ಕಡೆಗೆ ಹೋದರು. ನಾನು ಎದ್ದು ನಿಂತೆ. ಲಲಿತಮ್ಮ ನನ್ನ ಮುಖವನ್ನು ನೋಡುತ್ತಿದ್ದರು.

“ನಿಮ್ಗೆ ಗೊತ್ತಿರೋರಾ?”

“ಗೊತ್ತಿರೋರು ಅನ್ಸುತ್ತೆ.”

“ಹಂಗಾದ್ರೆ ನೀವೇ ಹೇಳಿ. ಇನ್ನೊಂದ್ಸಲ ಬಂದ್ರೆ ಎಂತ ಹೇಳ್ಲಿ? ಹುಡುಕ್ತಾ ಇರೋದನ್ನ ನೋಡೋಕಾಗಲ್ಲ ನಂಗೆ.”

“ಕಲ್ಲು ಇಲ್ಲ ಅಂತ ಹೇಳಿ” ಎಂದೆ. “ಆ ದಿನ ಮಗಳು ಗಾಡಿಯಿಂದ ಇಳಿದೇ ಇರ್ಲಿಲ್ಲ. ನಿದ್ದೆ ಮಾಡ್ತಿದ್ಲು. ಸುಳ್ಳು ಹೇಳಿದ್ಲು ಅಂತ ಹೇಳಿ.”

ಹದಿನಾರು ವರ್ಷಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಪೊರಕೆ ಹಿಡಿದ ಅಪರಿಚಿತ ಹೆಂಗಸಿನ ಎದುರು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಪೊರಕೆಯ ಕಡ್ಡಿಗಳನ್ನು ಅಂಗೈಗೆ ಕುಟ್ಟಿ ಸರಿಮಾಡಿಕೊಂಡು ಹೇಳಿದರು:

“ಹೇಳ್ಬಹುದು. ಆದ್ರೆ ಅದನ್ನ ಕೇಳಿದ್ರೆ ಮತ್ತೆ ಬರ್ತಾರಾ ಅವ್ರು?”

ಯೋಚನೆ ಮಾಡಿ ಹೇಳಿ ಎಂದು ಅವರೇ ತಮ್ಮ ಫೋನ್ ನಂಬರ್ ಕೊಟ್ಟರು. ನಾವು ಹೊರಟೆವು. ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸುಜಾತಾ, “ಏನಾತ ನಿನಗ? ಬಾಯಿಗೆ ಬೀಗ ಹಾಕ್ಕೊಂಡಿ?” ಎಂದಳು. ತಲೆನೋವು ಎಂದೆ. ಅವ್ವ ತಮ್ಮ ಶಾಲನ್ನು ತೆಗೆದು ನನ್ನ ಹೆಗಲಿಗೆ ಹಾಕಿ ಚಹಾ ಕುಡಿಯುತ್ತಾ ಕೂತರು.

ಮುಂದಿನ ವಾರಗಳಲ್ಲಿ ನಾನು ನನಗೆ ಗೊತ್ತಿರುವ ಕ್ರಮದಲ್ಲೇ ಯೋಚಿಸಿದೆ. ಅಮ್ಮ ಬೇರೆ ಯಾರಿಗಾದರೂ ಹೇಳಿದ್ದಳೇ? ಅಪ್ಪನನ್ನು ಸುತ್ತುಬಳಸಿ ಕೇಳಿದೆ. “ದೇವಗಂಗೇಲಿ ಎಂಥ ಪಾದದ ಕಲ್ಲು? ಯಾರೋ ನಿಂಗೆ ಬುರುಡೆ ಬಿಟ್ಟಿದಾರೆ” ಎಂದು ಅವನು ನಕ್ಕ. ಅವನಿಗೇ ಹೇಳದವಳು ಇನ್ನು ಯಾರಿಗೆ ಹೇಳಿಯಾಳು? ಸಾಗರದಲ್ಲಿ ಇನ್ನೊಬ್ಬ ತಾಯಿ, ಅವಳಿಗೂ ಎಣಿಸುವ ಮಗಳು, ಆ ಮಗಳೂ ಹೇಳಿದ ಅದೇ ಸುಳ್ಳು. ಇದರ ಸಂಭವನೀಯತೆ ಸೊನ್ನೆಯಲ್ಲ ಎಂದಷ್ಟೇ ಹೇಳಬಹುದು.

ಒಂದು ದಾರಿ ಮಾತ್ರ ಉಳಿಯಿತು. ಅಮ್ಮನ ತವರು ತೀರ್ಥಹಳ್ಳಿಯ ಹತ್ತಿರ. ನಾನು ಕೆಲಸಕ್ಕೆ ಸೇರಿದ ವರ್ಷ, ಮಾವನಿಗೆ ಹುಷಾರಿಲ್ಲವೆಂದು ಅವಳು ಒಬ್ಬಳೇ ಬಸ್ಸಿನಲ್ಲಿ ಹೋಗಿದ್ದಳು. ಮಾಮೂಲಿ ಬಸ್ಸು ನಗರಕ್ಕೆ ಹೋಗುವುದಿಲ್ಲ. ಆದರೆ ಹೊಸನಗರದಲ್ಲಿ ಬಸ್ಸು ಬದಲಿಸಿದರೆ ನಗರದ ಮೇಲೆ ಸುತ್ತಿಕೊಂಡು ತೀರ್ಥಹಳ್ಳಿ ಸೇರಬಹುದು. ಅವಳು ಆ ದಿನ ಮೂರು ಗಂಟೆ ತಡವಾಗಿ ತಲುಪಿದ್ದಳು. ಬಸ್ಸು ಕೆಟ್ಟಿತ್ತು ಎಂದಿದ್ದಳು. ಹಾಗೆ ಇಳಿದು ಹೋಗಿ ನೋಡಿದ್ದರೆ, ಆಗ ಅಲ್ಲಿ ಗುಡಿಸುತ್ತಿದ್ದವರಿಗೆ ಕಲ್ಲಿನ ವಿಷಯ ಹೇಳಿದ್ದರೆ, ಅವರಿಂದ ಲಲಿತಮ್ಮ ಕೇಳಿ, ಕೇಳಿದ್ದನ್ನು ಕಂಡಂತೆ ಹೇಳಿದ್ದರೆ ಎಲ್ಲವೂ ಸರಿಹೋಗುತ್ತದೆ. ಆದರೆ ಲಲಿತಮ್ಮ ಹೇಳಿದ್ದು ಮೂರು ಸಲ, ಈ ಸಲದ ಮಳೆ ನಿಂತ ಮೇಲೆ ಎಂದು. ಅವರು ಇಲ್ಲದ್ದನ್ನು ಸೇರಿಸಿ ಹೇಳುವವರಂತೆ ಕಾಣಲಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೆ ಕಂಡಿರಲಿಲ್ಲ ಎಂಬುದು ಬೇರೆ ಮಾತು.

ಆ ದಾರಿ ನನಗೆ ಸಮಾಧಾನವನ್ನೂ ಕೊಡುವುದಿಲ್ಲ. ಅಮ್ಮ ನಿಜವಾಗಿಯೂ ಆ ದಿನ ಅಲ್ಲಿಗೆ ಹೋಗಿದ್ದಳು ಎಂದಾದರೆ, ಕಲ್ಲು ಇಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಮನೆಗೆ ಬಂದು ಏನೂ ಹೇಳಲಿಲ್ಲ. ಆಮೇಲೂ “ನಗರಕ್ಕೆ ಯಾವಾಗ?” ಎಂದು ಕೇಳುತ್ತಲೇ ಇದ್ದಳು. ನಾನು ಬಾಯಿಬಿಡಲಿ ಎಂದು ಕಾಯುತ್ತಿದ್ದಳೇ? ಅಥವಾ ತಾನೇ ಸರಿಯಾಗಿ ಹುಡುಕಲಿಲ್ಲ, ಮಗಳು ಜೊತೆಗಿದ್ದರೆ ಸಿಗುತ್ತದೆ ಎಂದುಕೊಂಡಿದ್ದಳೇ? ಎರಡರಲ್ಲಿ ಯಾವುದು ಹೆಚ್ಚು ನೋವಿನದು ಎಂದು ನನಗೆ ಹೇಳಲು ಬರುವುದಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಲಲಿತಮ್ಮನಿಗೆ ಫೋನ್ ಮಾಡಿದೆ. ಸಾಗರದಿಂದ ಎಂದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಕಲ್ಲು ಹುಡುಕುವವರು ಮತ್ತೆ ಬಂದಿದ್ದರೇ ಎಂದು ನಾನು ಕೇಳಲಿಲ್ಲ. ಕಲ್ಲಿನ ಬಗ್ಗೆ ಏನೂ ಹೇಳಬೇಡಿ ಎಂದೆ. ಅದನ್ನು ನಾನೇ ಹೇಳಬೇಕಾಗಿತ್ತು, ಇನ್ನೊಬ್ಬರ ಕೈಲಿ ಹೇಳಿಸುವುದಲ್ಲ. ಬೇರೆ ಒಂದು ಮಾತು ಇದೆ, ಅದನ್ನು ಹೇಳುತ್ತೀರಾ ಎಂದು ಕೇಳಿದೆ.

“ಎಂತ, ಹೇಳಿ.”

“ಇವತ್ತು ಮನೆಗೆ ಯಾರೂ ಬರ್ತಿಲ್ಲ, ಅನ್ನಕ್ಕಿಡೋದು ಬೇಡ ಅಂತ ಹೇಳಿ. ಎಷ್ಟು ಹೊತ್ತು ಬೇಕಾದ್ರೂ ಕೂತಿರ್ಬಹುದು ಅಂತ ಹೇಳಿ.”

ಅವರು, “ಹೇಳ್ತೀನಿ. ಆದ್ರೆ ಸಂಜೆ ಆದ್ರೆ ನಾನೂ ಗೇಟ್ ಹಾಕ್ಕೊಂಡು ಮನೆಗೆ ಹೋಗ್ಬೇಕಲ್ಲ” ಎಂದರು. ಮತ್ತೆ, ಏನೋ ನೆನಪಾದವರಂತೆ, “ಆಯ್ತು ಬಿಡಿ, ಅವ್ರು ಬಂದ ದಿನ ಸ್ವಲ್ಪ ತಡ ಮಾಡಿ ಹಾಕ್ತೀನಿ” ಎಂದರು.

ಇದು ನಡೆದು ಎರಡು ವರ್ಷವಾಯಿತು. ಏನಾಯಿತು ಎಂದು ನಾನು ಮತ್ತೆ ಫೋನ್ ಮಾಡಿ ಕೇಳಿಲ್ಲ. ಅವರೂ ಮಾಡಿಲ್ಲ. ನಡೆದದ್ದು ಏನು ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎಂದೇ ಹೇಳಬೇಕು. ಕೆಲವು ದಿನ ಕಾಲೇಜು ಮುಗಿಸಿ ಹೊರಡುವಾಗ ಗೋಡೆಯ ಗಡಿಯಾರ ನೋಡುತ್ತೇನೆ. ದೇವಗಂಗೆಯಲ್ಲಿ ಈ ಹೊತ್ತಿಗೆ ಗೇಟ್ ಹಾಕಿರುತ್ತಾರೆ ಅಂದುಕೊಳ್ಳುತ್ತೇನೆ. ಇವತ್ತು ಇನ್ನೂ ಹಾಕಿರಲಿಕ್ಕಿಲ್ಲ ಎಂದು ಆಸೆಪಡುತ್ತೇನೆ.